ಅಟ್ಟದ ಮೇಲಿನವಳ ಹೆಸರು

ಬಿ.ಎ. ಎರಡನೆಯ ವರ್ಷದಲ್ಲಿ ನಮಗೆ ‘ಜೇನ್ ಐರ್’ ಕಾದಂಬರಿ ಪಠ್ಯವಾಗಿತ್ತು. ಷಾರ್ಲೆಟ್ ಬ್ರಾಂಟಿಯ ಆ ದಪ್ಪ ಪುಸ್ತಕವನ್ನು ಒಬ್ಬೊಬ್ಬರೇ ಕೊಳ್ಳಲಾಗದೆ ನಾವು ನಾಲ್ವರು ಗೆಳತಿಯರು ಪಟ್ಟಿ ಹಾಕಿ ಒಂದು ಪ್ರತಿ ತಂದು, ಪಾಳಿಯ ಮೇಲೆ ಓದಿದ್ದೆವು. ಪರೀಕ್ಷೆಯಲ್ಲಿ ‘ಬರ್ಥಾ ಮೇಸನ್’ ಪಾತ್ರದ ಬಗ್ಗೆ ಟಿಪ್ಪಣಿ ಬರೆಯಲು ಕೇಳಿದ್ದರು. ನಾನು ಬರೆದದ್ದು ಈಗಲೂ ನೆನಪಿದೆ. ಬರ್ಥಾ ಮೇಸನ್ ಈ ಕಾದಂಬರಿಯ ದುಷ್ಟಪಾತ್ರ. ಹುಚ್ಚಿನ ಮನೆತನದಲ್ಲಿ ಹುಟ್ಟಿದವಳು. ಗಂಡ ಮಲಗಿದ ಮಂಚಕ್ಕೆ ಬೆಂಕಿ ಇಡುತ್ತಾಳೆ, ನೋಡಲು ಬಂದ ಸೋದರನನ್ನು ಕಚ್ಚುತ್ತಾಳೆ, ನಾಯಕಿಯ ಮದುವೆಯ ಮುಸುಕನ್ನು ಹರಿದು ತುಳಿಯುತ್ತಾಳೆ. ಕೊನೆಗೆ ಮನೆಯನ್ನೇ ಸುಟ್ಟು ತಾನೂ ಸಾಯುತ್ತಾಳೆ. ಅವಳ ಸಾವಿನಿಂದ ನಾಯಕ ನಾಯಕಿಯರ ಮದುವೆಗಿದ್ದ ಅಡ್ಡಿ ನಿವಾರಣೆಯಾಗುತ್ತದೆ. ಇಷ್ಟನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಅಡ್ಡಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ವರ್ಷ ಇಂಗ್ಲಿಷಿನಲ್ಲಿ ವರ್ಗಕ್ಕೆ ನಾನೇ ಮೊದಲಿಗಳು.

ಈ ಉತ್ತರ ಬರೆದವಳು ಬೆಳೆದ ಮನೆಯ ಹಿತ್ತಲಲ್ಲಿಯೂ ಹೊರಗಿನಿಂದ ಚಿಲಕ ಹಾಕಿದ ಕೋಣೆಯೊಂದಿತ್ತು. ಅದರೊಳಗೆ ನನ್ನ ದೊಡ್ಡಪ್ಪನ ಮೊದಲ ಹೆಂಡತಿ ಇದ್ದಳು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅವಳು ತೀರಿಕೊಂಡಳು. ಅದಾಗಿ ಐದಾರು ವರ್ಷಕ್ಕೆ ನಾನು ಪರೀಕ್ಷೆಯಲ್ಲಿ ಕುಳಿತು ಬರ್ಥಾಳ ಬಗ್ಗೆ ಬರೆದೆ. ಬರೆಯುವಾಗ ದೊಡ್ಡವ್ವ ಒಂದು ಕ್ಷಣವೂ ನೆನಪಾಗಲಿಲ್ಲ. ಪುಸ್ತಕ ಬೇರೆ, ಮನೆ ಬೇರೆ ಎಂದು ತಿಳಿದಿದ್ದೆನೋ ಏನೋ.

ಮೂವತ್ತೈದು ವರ್ಷದ ಮೇಲೆ ಆ ಉತ್ತರವನ್ನು ತಿದ್ದಬೇಕು ಎನ್ನಿಸಿದ್ದು ಇನ್ನೊಂದು ಕಾದಂಬರಿಯಿಂದ. ಜೀನ್ ರೀಸ್ ಎಂಬ ಹೆಣ್ಣುಮಗಳು 1966ರಲ್ಲಿ ಪ್ರಕಟಿಸಿದ ‘ವೈಡ್ ಸರ್ಗಾಸೊ ಸೀ’ ಅದು. ಎಂ.ಎ. ಓದುತ್ತಿದ್ದ ಮಗಳು ಬೇಸಗೆ ರಜೆಗೆ ಬಂದಾಗ ಅವಳ ಚೀಲದಲ್ಲಿತ್ತು. “ಅವ್ವಾ, ನಿನ್ನ ಜೇನ್ ಐರ್ ಕಥಿನ ಆ ಹುಚ್ಚಿ ಹೇಳಿದ್ರ ಹೆಂಗಿರತದ, ನೋಡು” ಎಂದಳು. ನೂರೈವತ್ತು ಪುಟದ ಚಿಕ್ಕ ಪುಸ್ತಕ. ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತೇನೆ ಎಂದುಕೊಂಡೆ. ನಿಘಂಟು ಪಕ್ಕಕ್ಕಿಟ್ಟುಕೊಂಡು ಹದಿನೈದು ದಿನ ಓದಬೇಕಾಯಿತು.

ಮೊದಲ ಕಾದಂಬರಿ ಓದದ ಗೆಳತಿಯರಿಗಾಗಿ ಅದರ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಜೇನ್ ತಾಯಿತಂದೆಯಿಲ್ಲದ ಹುಡುಗಿ. ಸೋದರಮಾವನ ಹೆಂಡತಿಯ ಮನೆಯಲ್ಲಿ ಬೈಸಿಕೊಂಡು, ಅನಾಥಾಲಯದಂಥ ಶಾಲೆಯಲ್ಲಿ ಹಸಿದು ಬೆಳೆದು, ಥಾರ್ನ್‌ಫೀಲ್ಡ್ ಎಂಬ ದೊಡ್ಡ ಮನೆಗೆ ಪಾಠ ಹೇಳುವವಳಾಗಿ ಬರುತ್ತಾಳೆ. ಯಜಮಾನ ರಾಚೆಸ್ಟರ್ ಸಿಡುಕಿನ ಮನುಷ್ಯ, ಆದರೆ ಇವಳ ಬುದ್ಧಿಯನ್ನು ಕಂಡು ಗೌರವಿಸುವವನು. ಇಬ್ಬರಿಗೂ ಪ್ರೀತಿಯಾಗುತ್ತದೆ. ಆ ಮನೆಯ ಮೂರನೆಯ ಅಂತಸ್ತಿನಿಂದ ಮಾತ್ರ ರಾತ್ರಿ ಒಂದು ವಿಕಾರವಾದ ನಗು ಕೇಳಿಬರುತ್ತಿರುತ್ತದೆ. ಚರ್ಚಿನಲ್ಲಿ ಮದುವೆ ನಡೆಯುವ ಹೊತ್ತಿಗೆ ಒಬ್ಬ ವಕೀಲ ಎದ್ದುನಿಂತು, ಈತನಿಗೆ ಹೆಂಡತಿ ಇದ್ದಾಳೆ, ಬದುಕಿದ್ದಾಳೆ ಎನ್ನುತ್ತಾನೆ. ಹದಿನೈದು ವರ್ಷದ ಹಿಂದೆ ಜಮೈಕಾ ದ್ವೀಪದಲ್ಲಿ ಮದುವೆಯಾಗಿ ತಂದ ಬರ್ಥಾ ಮೇಸನ್ ಅವಳು. ಅದೇ ಮನೆಯ ಮೇಲಂತಸ್ತಿನಲ್ಲಿ ಬೀಗದೊಳಗಿದ್ದಾಳೆ. ಜೇನ್ ಮನೆ ಬಿಟ್ಟು ಹೋಗುತ್ತಾಳೆ. ಅವಳು ತಿರುಗಿ ಬರುವ ಹೊತ್ತಿಗೆ ಬರ್ಥಾ ಮನೆಗೆ ಬೆಂಕಿ ಹಚ್ಚಿ ಮಾಡಿನಿಂದ ಹಾರಿ ಸತ್ತಿರುತ್ತಾಳೆ. ಕಣ್ಣು, ಒಂದು ಕೈ ಕಳೆದುಕೊಂಡ ರಾಚೆಸ್ಟರನನ್ನು ಜೇನ್ ಮದುವೆಯಾಗುತ್ತಾಳೆ.

ಇಂಗ್ಲಿಷಿನಲ್ಲಿ ಗಾಥಿಕ್ ಎನ್ನುವ ಒಂದು ಜಾತಿಯ ಕಾದಂಬರಿಗಳಿವೆ. 1764ರಲ್ಲಿ ಹೊರಾಸ್ ವಾಲ್ಪೋಲ್ ಬರೆದ ‘ಒಟ್ರಾಂಟೊದ ಕೋಟೆ’ಯಿಂದ ಅವು ಶುರುವಾದವು ಎಂದು ನಮಗೆ ಪಾಠದಲ್ಲಿ ಹೇಳಿದ್ದರು. ಹಳೆಯ ಮನೆ, ಮುಚ್ಚಿದ ಕೋಣೆ, ಗಾಳಿಗೆ ಆರುವ ದೀಪ, ರಾತ್ರಿಯ ಕೂಗು ಇವೆಲ್ಲ ಅದರ ಸಾಮಗ್ರಿ. ‘ಜೇನ್ ಐರ್’ ಬರೀ ಅಂಥ ಕಾದಂಬರಿಯಲ್ಲ, ಅದರ ಜೀವ ಜೇನಳ ಸ್ವಾಭಿಮಾನದಲ್ಲಿದೆ. ಆದರೆ ಓದುಗರ ಎದೆ ಹೊಡೆದುಕೊಳ್ಳಲು ಬ್ರಾಂಟಿ ಆ ಹಳೆಯ ಸಾಮಗ್ರಿಯನ್ನೇ ಬಳಸಿದಳು. ಮುಚ್ಚಿದ ಕೋಣೆಗೆ ಒಂದು ಭೂತ ಬೇಕಾಯಿತು. ಜಮೈಕಾದ ಹೆಣ್ಣನ್ನು ಅದರೊಳಗೆ ಇಟ್ಟಳು. ಇಡೀ ಕಾದಂಬರಿಯಲ್ಲಿ ಬರ್ಥಾಳ ಬಾಯಿಂದ ನಾವು ನೇರವಾಗಿ ಕೇಳುವುದು ನಗು, ಗುರುಗುಟ್ಟುವಿಕೆ, ಕಿರುಚಾಟ. ಅವಳ ಕಥೆಯನ್ನು ಹೇಳುವವನು ಅವಳಿಗೆ ಬೀಗ ಹಾಕಿದವನೇ.

ಇದು ಜೀನ್ ರೀಸಳಿಗೆ ಏಕೆ ಚುಚ್ಚಿತು ಎಂದು ತಿಳಿಯಲು ಅವಳ ಬದುಕನ್ನು ಸ್ವಲ್ಪ ನೋಡಬೇಕು. ಅವಳು 1890ರಲ್ಲಿ ವೆಸ್ಟ್ ಇಂಡೀಸಿನ ಡೊಮಿನಿಕಾ ದ್ವೀಪದ ರೊಸೋ ಪಟ್ಟಣದಲ್ಲಿ ಹುಟ್ಟಿದಳು. ತಂದೆ ವೇಲ್ಸ್‌ನಿಂದ ಬಂದ ಡಾಕ್ಟರು. ತಾಯಿ ತಲೆಮಾರುಗಳಿಂದ ಅಲ್ಲಿಯೇ ನೆಲೆಸಿದ ಬಿಳಿಯರ ಮನೆತನದವಳು. ಹಿಂದೊಂದು ಕಾಲಕ್ಕೆ ಗುಲಾಮರನ್ನು ಇಟ್ಟುಕೊಂಡು ತೋಟ ಮಾಡಿಸಿದ ಮನೆತನ. ಅಂಥವರನ್ನು ಕ್ರಿಯೋಲ್ ಎನ್ನುತ್ತಿದ್ದರು. ಅಲ್ಲಿನ ಕರಿಯರಿಗೆ ಅವರು ಹಳೆಯ ಧಣಿಗಳು, ಇಂಗ್ಲೆಂಡಿನವರಿಗೆ ಪೂರಾ ಇಂಗ್ಲಿಷರಲ್ಲದವರು. ಹದಿನಾರನೆಯ ವಯಸ್ಸಿಗೆ ಓದಲು ಇಂಗ್ಲೆಂಡಿಗೆ ಹೋದ ರೀಸಳ ಮಾತಿನ ಧಾಟಿ ಕೇಳಿ ಅಲ್ಲಿಯವರು ನಕ್ಕರು. ನಾಟಕ ಕಂಪನಿಯ ಮೇಳದಲ್ಲಿ ಕುಣಿದಳು, ಪ್ಯಾರಿಸಿಗೆ ಹೋದಳು, ಮೂರು ಮದುವೆಯಾದಳು, ಕುಡಿತಕ್ಕೆ ಬಿದ್ದಳು. 1939ರವರೆಗೆ ನಾಲ್ಕು ಕಾದಂಬರಿ ಪ್ರಕಟಿಸಿ ಆಮೇಲೆ ಕಣ್ಮರೆಯಾದಳು. ಸತ್ತೇ ಹೋಗಿದ್ದಾಳೆ ಎಂದು ಬಹಳ ಜನ ತಿಳಿದಿದ್ದರು. 1949ರಲ್ಲಿ ಒಬ್ಬ ನಟಿ ಅವಳ ಕಾದಂಬರಿಯನ್ನು ಬಾನುಲಿಗೆ ಅಳವಡಿಸಬೇಕೆಂದು ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅವಳನ್ನು ಹುಡುಕಿದಳು. ಅದೇ ವರ್ಷ ನೆರೆಹೊರೆಯವರೊಂದಿಗಿನ ಜಗಳ ಕೋರ್ಟಿಗೆ ಹೋಗಿ, ಬುದ್ಧಿಯ ಸ್ಥಿಮಿತ ಪರೀಕ್ಷಿಸಲೆಂದು ರೀಸಳನ್ನು ಲಂಡನ್ನಿನ ಹಾಲೊವೇ ಹೆಂಗಸರ ಜೈಲಿನ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟಿದ್ದರು. ಬೀಗದ ಒಳಗಿನಿಂದ ಬಾಗಿಲು ಹೇಗೆ ಕಾಣುತ್ತದೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬ್ರಾಂಟಿಯ ಹುಚ್ಚಿ ಬರೀ ಒಂದು ಗೊಂಬೆ, ಅವಳನ್ನು ಪರದೆಯ ಹಿಂದಿನಿಂದ ರಂಗದ ಮೇಲೆ ತರಬೇಕು ಎಂಬ ಅರ್ಥದ ಮಾತನ್ನು ರೀಸ್ ತನ್ನ ಪತ್ರಗಳಲ್ಲಿ ಬರೆದಿದ್ದಾಳೆ. ಅದನ್ನು ಮಾಡಲು ಅವಳಿಗೆ ಸುಮಾರು ಒಂಬತ್ತು ವರ್ಷ ಹಿಡಿಯಿತು. ಬಡತನ, ಗಂಡನ ಕಾಯಿಲೆ, ಡೆವನ್ ಪ್ರಾಂತದ ಹಳ್ಳಿಯೊಂದರ ಚಿಕ್ಕ ಮನೆ, ನಡುವೆ 1964ರಲ್ಲಿ ಹೃದಯಾಘಾತ. ಪುಸ್ತಕ ಹೊರಬಂದಾಗ ಅವಳಿಗೆ 76 ವರ್ಷ. ಮರುವರ್ಷ ಡಬ್ಲ್ಯು. ಎಚ್. ಸ್ಮಿತ್ ಪ್ರಶಸ್ತಿ ಬಂದಾಗ, ಇದೆಲ್ಲ ಬಹಳ ತಡವಾಗಿ ಬಂತು ಎಂದಳಂತೆ. 1979ರಲ್ಲಿ ತೀರಿಕೊಂಡಳು.

ಕಾದಂಬರಿಯ ಹೆಸರೇ ಒಂದು ಸೂಚನೆ. ಸರ್ಗಾಸೊ ಎಂಬುದು ಅಟ್ಲಾಂಟಿಕ್ ಮಹಾಸಾಗರದೊಳಗಿನ ಒಂದು ಕಡಲು. ಅದಕ್ಕೆ ಯಾವ ಕಡೆಗೂ ದಂಡೆಯಿಲ್ಲ. ನೀರಿನ ಮೇಲೆಲ್ಲ ಕಂದುಬಣ್ಣದ ಕಡಲಪಾಚಿ ತೇಲುತ್ತಿರುತ್ತದೆ. ಗಂಡ ಬಂದ ದೇಶಕ್ಕೂ ಹೆಂಡತಿ ಹುಟ್ಟಿದ ದ್ವೀಪಕ್ಕೂ ನಡುವೆ ಅದು ಹರಡಿಕೊಂಡಿದೆ.

ಮೊದಲ ಭಾಗದಲ್ಲಿ ಹುಡುಗಿ ತಾನೇ ಮಾತಾಡುತ್ತಾಳೆ. ಅವಳ ಹೆಸರು ಆಂತ್ವಾನೆಟ್. ಜಮೈಕಾದ ಕೂಲಿಬ್ರಿ ಎಂಬ ಹಾಳುಬಿದ್ದ ತೋಟದ ಮನೆ. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಕಾಯ್ದೆ ಮಾಡಿ, ಗುಲಾಮರಿಗೆ ಬಿಡಿಗಾಸನ್ನೂ ಕೊಡದೆ ಅವರ ಒಡೆಯರಿಗೆ ಎರಡು ಕೋಟಿ ಪೌಂಡ್ ಪರಿಹಾರ ಗೊತ್ತುಮಾಡಿತ್ತು. ಆ ಪರಿಹಾರದ ದಾರಿ ಕಾಯುತ್ತ ಒಡೆಯರ ಮನೆಗಳು ಕುಸಿಯುತ್ತಿದ್ದ ಕಾಲವದು. ತಂದೆ ಸತ್ತಿದ್ದಾನೆ, ತಮ್ಮ ಅಂಗವಿಕಲ, ತಾಯಿಗೆ ಮಗಳನ್ನು ಮುಟ್ಟಿ ಮಾತಾಡಿಸುವ ಮನಸ್ಸಿಲ್ಲ. ಹುಡುಗಿಗಿರುವ ಒಬ್ಬಳೇ ಗೆಳತಿ ಟಿಯಾ ಎಂಬ ಕರಿಯ ಹುಡುಗಿ. ತಾಯಿ ಮೇಸನ್ ಎಂಬ ಇಂಗ್ಲಿಷ್ ಸಾಹುಕಾರನನ್ನು ಮರುಮದುವೆಯಾಗುತ್ತಾಳೆ. ಆತನ ಗರ್ವದ ಮಾತುಗಳನ್ನು ಕೇಳಿ ಕೇಳಿ ರೋಸಿದ ಊರ ಜನ ಒಂದು ರಾತ್ರಿ ಮನೆಗೆ ಬೆಂಕಿ ಹಚ್ಚುತ್ತಾರೆ. ತಾಯಿಯ ಗಿಳಿಯೊಂದು, ಮೇಸನ್ ಅದರ ರೆಕ್ಕೆ ಕತ್ತರಿಸಿರುತ್ತಾನೆ, ಹಾರಲಾಗದೆ ಉರಿಯುತ್ತ ಕೆಳಗೆ ಬೀಳುತ್ತದೆ. ಗದ್ದಲದಲ್ಲಿ ಆಂತ್ವಾನೆಟ್ ತನ್ನವಳೆಂದು ನಂಬಿ ಟಿಯಾಳ ಕಡೆಗೆ ಓಡುತ್ತಾಳೆ. ಟಿಯಾ ಕಲ್ಲು ಬೀಸುತ್ತಾಳೆ. ಒಬ್ಬಳ ಮುಖದ ಮೇಲೆ ರಕ್ತ, ಇನ್ನೊಬ್ಬಳ ಮುಖದ ಮೇಲೆ ಕಣ್ಣೀರು. ಕನ್ನಡಿಯಲ್ಲಿ ನೋಡಿಕೊಂಡಂತೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುತ್ತಾರೆ. ‘ಜೇನ್ ಐರ್’ನಲ್ಲಿ ಮನೆ ಸುಡುವ ಹೆಂಗಸಿಗೆ ಸುಡುವ ಮನೆಯೊಂದು ಬಾಲ್ಯದಲ್ಲಿಯೇ ಇತ್ತು ಎಂಬುದನ್ನು ರೀಸ್ ಹೀಗೆ ತೋರಿಸುತ್ತಾಳೆ. ಆ ಬೆಂಕಿಯಲ್ಲಿ ಬೆಂದ ತಮ್ಮ ಬದುಕಲಿಲ್ಲ. ಅದೇ ದುಃಖದಲ್ಲಿ ತಾಯಿಯ ಬುದ್ಧಿ ಕೆಡುತ್ತದೆ. ನನ್ನ ಟಿಪ್ಪಣಿಯ ‘ಹುಚ್ಚಿನ ಮನೆತನ’ ಎಂದರೆ ಇದು.

ಎರಡನೆಯ ಭಾಗವನ್ನು ಓದಲು ತೊಡಗಿದಾಗ ನನಗೆ ಆಶ್ಚರ್ಯವಾಯಿತು. ಅಲ್ಲಿ ಬಹುಮಟ್ಟಿಗೆ ಮಾತಾಡುವವನು ಗಂಡ. ಹುಚ್ಚಿಯ ಪರವಾಗಿ ಬರೆಯಹೊರಟ ಲೇಖಕಿ ಪುಸ್ತಕದ ಅತಿ ದೊಡ್ಡ ಪಾಲನ್ನು ಅವಳ ಎದುರುಪಕ್ಷದವನಿಗೆ ಬಿಟ್ಟುಕೊಟ್ಟಿದ್ದಾಳೆ! ಅವನು ರಾಕ್ಷಸನಲ್ಲ. ಆಸ್ತಿಯೆಲ್ಲ ಹಿರಿಯ ಮಗನಿಗೆ ಹೋಗುವ ಮನೆಯ ಕಿರಿಯ ಮಗ, ತಂದೆಯ ಮೆಚ್ಚುಗೆಗೆ ಹಸಿದವನು, ಜ್ವರದಿಂದ ಎದ್ದವನು, ಅಪರಿಚಿತ ದ್ವೀಪದಲ್ಲಿ ಅಪರಿಚಿತ ಹೆಣ್ಣಿನ ಜೊತೆ ನಿಂತವನು. ಅಲ್ಲಿಯ ಹಸಿರು ಅವನಿಗೆ ಅತಿ ಹಸಿರು, ಹೂವು ಅತಿ ಕೆಂಪು. ಎಲ್ಲರೂ ತನ್ನನ್ನು ನೋಡಿ ನಗುತ್ತಿದ್ದಾರೆ ಎಂಬ ಗುಮಾನಿ. ಅವನ ಭಯ ನಮಗೂ ಅರ್ಥವಾಗುತ್ತದೆ. ಭಯಪಟ್ಟ ಮನುಷ್ಯ ಎಷ್ಟು ಕ್ರೂರಿಯಾಗಬಲ್ಲ ಎಂಬುದನ್ನು ಅವನ ಬಾಯಿಂದಲೇ ಕೇಳುತ್ತೇವೆ.

ಹಣದ ಲೆಕ್ಕವೂ ಇಲ್ಲಿದೆ. ಮದುವೆಗೆ ಅವನಿಗೆ ಸಂದದ್ದು ಮೂವತ್ತು ಸಾವಿರ ಪೌಂಡ್; ಬ್ರಾಂಟಿಯಲ್ಲಿಯೂ ಇದೇ ಮೊತ್ತ. ಥಾರ್ನ್‌ಫೀಲ್ಡಿನಲ್ಲಿ ಪಾಠ ಹೇಳಲು ಜೇನಳಿಗೆ ಗೊತ್ತಾದ ಸಂಬಳ ವರ್ಷಕ್ಕೆ ಮೂವತ್ತು ಪೌಂಡ್. ಅಂದರೆ ಬರ್ಥಾ ತಂದದ್ದು ಜೇನಳ ಸಾವಿರ ವರ್ಷದ ದುಡಿಮೆ. ಬಿ.ಎ. ಓದುವಾಗ ಈ ಎರಡು ಅಂಕಿಗಳನ್ನು ನಾನು ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ಇಂಗ್ಲೆಂಡಿನಲ್ಲಿ 1870 ಮತ್ತು 1882ರ ಕಾಯ್ದೆಗಳು ಬರುವವರೆಗೆ ಮದುವೆಯಾದವಳ ಹಣ ಸಾಮಾನ್ಯವಾಗಿ ಗಂಡನದು. ಅವಳ ಹೆಸರಿಗೆ ಏನಾದರೂ ಉಳಿಯಬೇಕಾದರೆ ಮದುವೆಗೆ ಮೊದಲೇ ಕರಾರುಪತ್ರ ಮಾಡಿಸಿಡಬೇಕು. ಆಂತ್ವಾನೆಟ್‌ಗೆ ಅದನ್ನು ಯಾರೂ ಮಾಡಿಸಲಿಲ್ಲ. ಇನ್ನೊಂದು ಕಡೆ, ಹುಚ್ಚು ಹಿಡಿದವಳನ್ನು ಬಿಡುಗಡೆ ಮಾಡಿ ಬೇರೆ ಮದುವೆಯಾಗಲು ಗಂಡನಿಗೂ ದಾರಿಯಿರಲಿಲ್ಲ; ಮನೋರೋಗ ವಿಚ್ಛೇದನಕ್ಕೆ ಕಾರಣವಾದದ್ದು ಅಲ್ಲಿ 1937ರಲ್ಲಿ. ಕಾಯ್ದೆ ಇಬ್ಬರನ್ನೂ ಕಟ್ಟಿಹಾಕಿತ್ತು ನಿಜ. ಆದರೆ ಕೀಲಿ ಒಬ್ಬನ ಕೈಯಲ್ಲಿತ್ತು.

ಸಂಸಾರ ಮುರಿಯುವುದು ಒಂದು ಪತ್ರದಿಂದ. ಡೇನಿಯಲ್ ಕಾಸ್ವೇ ಎಂಬವನು, ನಿನ್ನ ಹೆಂಡತಿಯ ತಾಯಿ ಹುಚ್ಚಿ, ಮನೆತನವೇ ಕೆಟ್ಟದ್ದು, ನಿನಗೆ ಮೋಸವಾಗಿದೆ ಎಂದು ಬರೆಯುತ್ತಾನೆ. ನಮ್ಮ ಊರುಗಳಲ್ಲಿ ಇಂಥ ಪತ್ರಗಳು ಯಾರಿಗೆ ಗೊತ್ತಿಲ್ಲ? “ಅವರ ಮನಿತನದಾಗ ಅದ ಅಂತ” ಎಂದು ಒಬ್ಬರು ತಗ್ಗಿದ ದನಿಯಲ್ಲಿ ಅಂದರೆ ಸಾಕು, ನಿಶ್ಚಯವಾದ ಮದುವೆ ಮುರಿದು ಬೀಳುತ್ತದೆ. ಆ ಪತ್ರ ಓದಿದ ಮೇಲೆ ಗಂಡ ಹೆಂಡತಿಯ ಅಳುವಿನಲ್ಲಿ, ಸಿಟ್ಟಿನಲ್ಲಿ, ಮೌನದಲ್ಲಿ ಹುಚ್ಚಿನ ಗುರುತನ್ನೇ ಹುಡುಕುತ್ತಾನೆ. ಹುಡುಕಿದವನಿಗೆ ಅದು ಸಿಗುತ್ತದೆ. ಅವಳು ಅವನ ಪ್ರೀತಿ ಮರಳಲೆಂದು ತನ್ನನ್ನು ಸಾಕಿದ ಕ್ರಿಸ್ಟೊಫೀನಳ ಹತ್ತಿರ ಮದ್ದು ಕೇಳುತ್ತಾಳೆ. ಅದರಿಂದ ಅವನಿಗೆ ಹೇಸಿಗೆ ಹೆಚ್ಚುತ್ತದೆ. ಅವಳ ಕೋಣೆಯ ಪಕ್ಕದ ಕೋಣೆಯಲ್ಲಿಯೇ, ಅವಳಿಗೆ ಕೇಳಿಸುವಂತೆ, ಕೆಲಸದ ಹುಡುಗಿಯ ಜೊತೆ ಮಲಗುತ್ತಾನೆ. ಈ ಹೊತ್ತಿಗೆ ಅವನು ಅವಳನ್ನು ಬರ್ಥಾ ಎಂದು ಕರೆಯತೊಡಗಿರುತ್ತಾನೆ. ಆಂತ್ವಾನೆಟ್ ಎಂಬುದು ಹುಚ್ಚಿಯಾದ ತಾಯಿಯ ಹೆಸರಿಗೆ ಹತ್ತಿರ. ಅವನಿಗೆ ಅದು ಬೇಡ. ಹೆಸರು ಬದಲಾದರೆ ತಾನೂ ಬೇರೆ ಯಾರೋ ಆಗಿಬಿಡುತ್ತೇನೆ ಎಂದು ಅವಳಿಗೆ ಗೊತ್ತು, ಬೇಡವೆನ್ನುತ್ತಾಳೆ. ರೀಸ್ ಇದಕ್ಕೆ ತನ್ನ ರೀತಿಯಲ್ಲಿ ಉತ್ತರ ಕೊಟ್ಟಿದ್ದಾಳೆ. ಇಡೀ ಕಾದಂಬರಿಯಲ್ಲಿ ಆ ಗಂಡನನ್ನು ಎಲ್ಲಿಯೂ ಹೆಸರಿಟ್ಟು ಕರೆದಿಲ್ಲ.

ಮೂರನೆಯ ಭಾಗ ಚಿಕ್ಕದು. ಅಲ್ಲಿ ಅವಳು ಇಂಗ್ಲೆಂಡಿನ ಆ ಅಟ್ಟದ ಮೇಲಿದ್ದಾಳೆ. ಕೋಣೆಯಲ್ಲಿ ಕನ್ನಡಿಯಿಲ್ಲ, ತಾನು ಹೇಗಿದ್ದೇನೆಂದು ಅವಳಿಗೆ ತಿಳಿಯದು. ಸೋದರನನ್ನು ಕಚ್ಚಿದ ಪ್ರಸಂಗ ಇಲ್ಲಿ ಮತ್ತೆ ಬರುತ್ತದೆ. ಬ್ರಾಂಟಿಯಲ್ಲಿ ನಾವು ಜೇನಳ ಜೊತೆ ನಿಂತು, ಬಾಗಿಲ ಆಚೆಯ ಪ್ರಾಣಿಯಂಥ ಸದ್ದು ಕೇಳುತ್ತ, ಅವನ ಗಾಯದ ರಕ್ತ ಒರೆಸುತ್ತೇವೆ. ರೀಸಳಲ್ಲಿ ಅದೇ ರಾತ್ರಿಯ ಇನ್ನೊಂದು ಮಗ್ಗುಲು ತಿಳಿಯುತ್ತದೆ. ಮಲಸೋದರ ರಿಚರ್ಡ್ ಅವಳೊಡನೆ ಅಪರಿಚಿತಳೊಡನೆ ಆಡುವಂತೆ ಮಾತಾಡುತ್ತಾನೆ. ಕಾಯ್ದೆಯ ಪ್ರಕಾರ ಗಂಡ ಹೆಂಡಿರ ನಡುವೆ ತಾನು ಬರಲಾಗದು ಎನ್ನುತ್ತಾನೆ. ‘ಕಾಯ್ದೆಯ ಪ್ರಕಾರ’ ಎಂಬ ಮಾತು ಬಂದಾಗಲೇ ಅವಳು ಚೂರಿ ಹಿಡಿದು ಮೇಲೆ ಬಿದ್ದದ್ದು ಎಂದು ಕಾವಲಿನ ಗ್ರೇಸ್ ಪೂಲ್ ಮರುದಿನ ಅವಳಿಗೇ ಹೇಳುತ್ತಾಳೆ. ಕಚ್ಚಿದ್ದು ಸುಳ್ಳಲ್ಲ, ರಕ್ತವೂ ಸುಳ್ಳಲ್ಲ. ಆದರೆ ಅದರ ಹಿಂದೆ ಒಂದು ಮಾತಿತ್ತು, ಮತ್ತು ಮೊದಲ ಪುಸ್ತಕದ ಬಾಗಿಲು ದಪ್ಪವಾಗಿದ್ದುದರಿಂದ ನಮಗೆ ಅದು ಕೇಳಿಸಿರಲಿಲ್ಲ.

ಕೆಟ್ಟವರೆನಿಸಿಕೊಂಡವರ ಬಾಯಿಂದ ಹಳೆಯ ಕಥೆ ಹೇಳಿಸುವ ಪುಸ್ತಕಗಳು ಬೇರೆಯೂ ಇವೆ. ಅಮೆರಿಕದ ಫ್ರೆಡ್ ಸೇಬರ್‌ಹೇಗನ್ 1975ರಲ್ಲಿ ಬರೆದ ‘ದಿ ಡ್ರಾಕುಲಾ ಟೇಪ್’ನಲ್ಲಿ ಡ್ರಾಕುಲಾ ಟೇಪ್ ರೆಕಾರ್ಡರಿನ ಮುಂದೆ ಕುಳಿತು ತನ್ನ ಪಕ್ಷ ಮಂಡಿಸುತ್ತಾನೆ. ಲೂಸಿ ಸತ್ತದ್ದು ತನ್ನಿಂದಲ್ಲ, ಡಾಕ್ಟರ್ ವಾನ್ ಹೆಲ್ಸಿಂಗ್ ಕಂಡಕಂಡವರ ರಕ್ತವನ್ನು ಅವಳಿಗೆ ಹಾಕಿದ್ದರಿಂದ ಎಂದು ವಾದಿಸುತ್ತಾನೆ. ಜಾಣತನದ, ನಗಿಸುವ ಪುಸ್ತಕ. ಆದರೆ ಅಲ್ಲಿ ತಕ್ಕಡಿ ತಲೆಕೆಳಗಾಗುತ್ತದೆ, ಅಷ್ಟೆ. ಮೊದಲು ಕೆಟ್ಟವನಾದವನು ಈಗ ಒಳ್ಳೆಯವನು, ಮೊದಲು ಜಾಣನಾದವನು ಈಗ ದಡ್ಡ. ರೀಸ್ ಹಾಗೆ ಮಾಡಲಿಲ್ಲ. ಆಂತ್ವಾನೆಟ್ ಒಳ್ಳೆಯವಳು ಎಂದು ಅವಳು ವಕಾಲತ್ತು ವಹಿಸುವುದಿಲ್ಲ. ಈ ಹೆಣ್ಣು ಗಂಡನ ತೋಳನ್ನೂ ಕಚ್ಚುತ್ತಾಳೆ, ಹುಡುಗಿಯಾಗಿದ್ದಾಗ ಸಿಟ್ಟಿಗೆ ಟಿಯಾಳನ್ನು ಕೀಳಾಗಿ ಬೈಯುತ್ತಾಳೆ. ಇಬ್ಬರ ಮಾತನ್ನೂ ಕೇಳಿ ಆಮೇಲೆ ತೀರ್ಮಾನಿಸಿ ಎಂದಷ್ಟೇ ಪುಸ್ತಕ ನಮ್ಮನ್ನು ಕೇಳುತ್ತದೆ.

ಕನ್ನಡ ಓದಿದವರಿಗೆ ಈ ನಡೆ ಹೊಸದೆನಿಸದು. ರನ್ನ ತನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿ, ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಅಳಿಸುತ್ತಾನೆ, ವೈರಿಯ ಮಗನಾದ ಅಭಿಮನ್ಯುವನ್ನೂ ಮೆಚ್ಚಿ ಮಾತಾಡಿಸುತ್ತಾನೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯನ್ನು ಮಮತೆಯ ಸುಳಿ ಎಂದರು. ಹತ್ತನೆಯ ಇಯತ್ತೆಯ ಮಕ್ಕಳಿಗೆ ದುರ್ಯೋಧನನ ದುಃಖ ಪಾಠ ಮಾಡುವಾಗ ನನ್ನ ಗಂಟಲು ಎಷ್ಟೋ ಸಲ ಕಟ್ಟಿದೆ. ಹಾಗಿದ್ದೂ ಹಿತ್ತಲ ಕೋಣೆಯವಳ ದುಃಖಕ್ಕೆ ನನ್ನ ಕಿವಿ ತೆರೆದಿರಲಿಲ್ಲ. ರಾಜನಾಗಿ, ರಣರಂಗದಲ್ಲಿ ಅತ್ತರೆ ನಮಗೆ ಬೇಗ ತಿಳಿಯುತ್ತದೇನೋ.

ರೀಸಳ ಪುಸ್ತಕದಲ್ಲಿ ಕೊರತೆಯಿಲ್ಲವೆಂದಲ್ಲ. ‘ಜೇನ್ ಐರ್’ ಓದದವರಿಗೆ ಮೂರನೆಯ ಭಾಗ ಸರಿಯಾಗಿ ಹತ್ತುವುದಿಲ್ಲ. ಎರವಲು ಮನೆಯಲ್ಲಿ ಕಥೆ ಮುಗಿಸಿದಂತೆ ಎನಿಸುತ್ತದೆ. ಅದಕ್ಕಿಂತ ಮುಖ್ಯ ಮಾತು ಕ್ರಿಸ್ಟೊಫೀನಳದು. ಪುಸ್ತಕದಲ್ಲಿ ನೆಟ್ಟಗೆ ನಿಂತು ಆ ಗಂಡನ ಮುಖಕ್ಕೆ ಸತ್ಯ ಹೇಳುವವಳು ಅವಳೊಬ್ಬಳೇ. ಹಣವೂ ಬೇಕು, ಹೆಣ್ಣೂ ಮುರಿಯಬೇಕು ಎಂಬ ಅವನ ಮನಸ್ಸನ್ನು ಓದಿ ಹೇಳುತ್ತಾಳೆ. ಆತ ಪೊಲೀಸರ ಹೆಸರೆತ್ತುತ್ತಾನೆ, ಅವಳು ತಿರುಗಿ ನೋಡದೆ ನಡೆದು ಹೋಗುತ್ತಾಳೆ. ಅಲ್ಲಿಗೆ ಅವಳ ಕಥೆ ಮುಗಿಯಿತು. ಅವಳಿಗಾಗಲಿ ಟಿಯಾಳಿಗಾಗಲಿ ‘ನಾನು’ ಎಂದು ಹೇಳಿಕೊಳ್ಳುವ ಒಂದು ಅಧ್ಯಾಯವೂ ಇಲ್ಲ. ಬಂಗಾಲದ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ 1985ರ ಲೇಖನವೊಂದರಲ್ಲಿ ಇದನ್ನು ಎತ್ತಿ ತೋರಿಸಿದ್ದಾರೆ. ಈ ಕಾದಂಬರಿ ಬಿಳಿಯ ಕ್ರಿಯೋಲ್ ಹೆಣ್ಣಿಗಾಗಿ ಬರೆದದ್ದು, ಕ್ರಿಸ್ಟೊಫೀನ್ ಅದರ ಅಂಚಿನಲ್ಲಿಯೇ ಉಳಿದುಬಿಡುತ್ತಾಳೆ ಎಂದು. ಒಂದು ಬಾಗಿಲು ತೆರೆದ ಕೈ ಇನ್ನೊಂದನ್ನು ಮುಚ್ಚಿಯೇ ಬಿಟ್ಟಿರಬಹುದು.

ಬ್ರಾಂಟಿಗೂ ನ್ಯಾಯ ಸಲ್ಲಬೇಕು. 1848ರ ಜನವರಿಯಲ್ಲಿ, ಕಾದಂಬರಿ ಬಂದು ಮೂರು ತಿಂಗಳೂ ಆಗಿರಲಿಲ್ಲ, ಅವಳು ತನ್ನ ಪ್ರಕಾಶನದ ವಿಲಿಯಮ್ಸ್ ಅವರಿಗೆ ಪತ್ರ ಬರೆದು, ಆ ಹುಚ್ಚಿಯನ್ನು ಕಂಡಾಗ ಮನುಷ್ಯರಿಗೆ ಆಗಬೇಕಾದದ್ದು ಮರುಕ, ತಾನು ಭೀತಿಯನ್ನೇ ಹೆಚ್ಚು ಮಾಡಿ ತಪ್ಪಿದೆ ಎಂದು ಒಪ್ಪಿಕೊಂಡಿದ್ದಾಳೆ. ಬರೆದವಳೇ ಮೂರು ತಿಂಗಳೊಳಗೆ ಕಂಡುಕೊಂಡ ತಪ್ಪು ನನಗೆ ಕಾಣಲು ಮೂವತ್ತೈದು ವರ್ಷ ಹಿಡಿಯಿತು.

ಇನ್ನು ದೊಡ್ಡವ್ವನ ಮಾತು. ಅವಳಿಗೆ ಕಾಯಿಲೆ ಇದ್ದದ್ದು ನಿಜ. ರಾತ್ರಿ ಎದ್ದು ಹೊರಗೆ ನಡೆದುಬಿಡುತ್ತಿದ್ದಳು, ಒಮ್ಮೆ ತೊಟ್ಟಿಲ ಕೂಸನ್ನು ಎತ್ತಿಕೊಂಡು ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದಳಂತೆ. ಯಾರಾದರೂ ವಿಚಿತ್ರವಾಗಿ ಆಡಿದರೆ “ಧಾರವಾಡಕ್ಕ ಕಳಿಸಬೇಕು” ಎಂದು ನಮ್ಮ ಕಡೆ ನಗುತ್ತ ಅನ್ನುವುದುಂಟು, ಅಲ್ಲಿ ಮಾನಸಿಕ ಆಸ್ಪತ್ರೆ ಇರುವುದರಿಂದ. ನಗುವುದಕ್ಕೆ ಆ ಮಾತು ಬಳಸಿದ ನಮ್ಮ ಮನೆಯವರು ಅವಳನ್ನು ಮಾತ್ರ ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ, ಮನೆತನದ ಹೆಸರು ಹೋಗುತ್ತದೆಂದು. ದೊಡ್ಡಪ್ಪ ಕೆಟ್ಟವರಾಗಿರಲಿಲ್ಲ. ಅವಳನ್ನು ತವರಿಗೆ ಅಟ್ಟಲಿಲ್ಲ, ಎಂದೂ ಹೊಡೆಯಲಿಲ್ಲ. ಎರಡನೆಯವಳನ್ನು ಸದ್ದಿಲ್ಲದೆ ದೇವಸ್ಥಾನದಲ್ಲಿ ಮದುವೆಯಾದರು. ಆ ಸಣ್ಣ ದೊಡ್ಡವ್ವ ನನ್ನನ್ನು ಎತ್ತಿ ಆಡಿಸಿದವಳು, ಜೇನಳಷ್ಟೇ ಒಳ್ಳೆಯವಳು. ಕೋಣೆಯ ತಾಟಿಗೆ ದಿನವೂ ಬಿಸಿ ಅನ್ನ ಬಡಿಸಿ ಕಳಿಸುತ್ತಿದ್ದವಳೂ ಅವಳೇ.

ತಾಟು ಒಯ್ಯುವ ಕೆಲಸ ಕೆಲವೊಮ್ಮೆ ನನ್ನ ಪಾಲಿಗೆ ಬರುತ್ತಿತ್ತು. “ಅಕಿ ಏನರ ಅಂದ್ರ ಕಿವ್ಯಾಗ ಹಾಕೊಬ್ಯಾಡ, ತಾಟು ಸರಿಸಿ ಬಂದುಬಿಡು” ಎಂದು ಅಜ್ಜಿ ಹೇಳಿ ಕಳಿಸುತ್ತಿದ್ದಳು. ಒಮ್ಮೆ ನಾನು “ರುಕ್ಮಿಣಿ ದೊಡ್ಡವ್ವಾ, ಊಟ” ಎಂದು ಕೂಗಿದಾಗ ಬಾಗಿಲ ಸಂದಿಗೆ ಮುಖವಿಟ್ಟು, “ಏ ಕೂಸ, ರುಕ್ಮಿಣಿ ಅನಬ್ಯಾಡ. ನನ್ನ ಹೆಸರ ಅದಲ್ಲ” ಎಂದಳು. ನಾನು ತಾಟು ಅಲ್ಲಿಯೇ ಬಿಟ್ಟು ಓಡಿದೆ. ಅಡಿಗೆಮನೆಗೆ ಬಂದು, ದೊಡ್ಡವ್ವನಿಗೆ ತನ್ನ ಹೆಸರೂ ನೆನಪಿಲ್ಲ ಎಂದು ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹಿರಿಯರೆಲ್ಲ ತೀರಿಕೊಂಡು ಮನೆ ಪಾಲಾದಾಗ ಒಂದು ತಾಮ್ರದ ಹಂಡೆ ನನಗೆ ಬಂತು. ರೀಸಳ ಪುಸ್ತಕ ಓದಿದ ವರ್ಷದ ದೀಪಾವಳಿ, ನೀರು ತುಂಬುವ ಹಬ್ಬದ ದಿನ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಕಂಠದ ಕೆಳಗೆ ‘ಚಿ. ಸೌ. ತುಂಗಾ’ ಎಂದು ಚುಕ್ಕಿ ಹೊಡೆದ ಅಕ್ಷರಗಳು. ಅಜ್ಜಿಯ ಹೆಸರು ತುಂಗಾ, ಹಂಡೆ ಅವಳದೇ ಎಂದು ಮೊದಲಿನಿಂದ ತಿಳಿದಿದ್ದೆ. ಅಂದು ಹೆಸರಿನ ಕೆಳಗೆ ಮಾಸಿದ್ದ ಊರಿನ ಹೆಸರನ್ನೂ ಓದಿದೆ. ಅದು ಅಜ್ಜಿಯ ತವರೂರಲ್ಲ. ಎಂಬತ್ತು ದಾಟಿದ ನನ್ನವ್ವನಿಗೆ ಫೋನು ಮಾಡಿ ಕೇಳಿದೆ.

“ಅದು ನಿನ್ನ ದೊಡ್ಡವ್ವಂದ ಹೆಸರು. ಹಂಡೆನೂ ಅಕಿದೇ, ಅಕಿ ಅಪ್ಪ ಕೊಟ್ಟಿದ್ದ” ಎಂದಳು ಅವ್ವ. “ಅತ್ತಿ ಹೆಸರು ಸೊಸಿಗಿರಬಾರದು ಅಂತ ಮದವ್ಯಾಗ ಅಕ್ಕಿಯೊಳಗ ರುಕ್ಮಿಣಿ ಅಂತ ಬರಸಿದ್ರು. ಈಗ್ಯಾಕ ಬೇಕಾತು ಅದು?”

ಅವಳು ಕೋಣೆಯಲ್ಲಿದ್ದಷ್ಟು ವರ್ಷವೂ ಅವಳ ಹಂಡೆಯಲ್ಲಿ ಕಾಯಿಸಿದ ನೀರನ್ನು ನಾವೆಲ್ಲ ಎರೆದುಕೊಂಡಿದ್ದೆವು. ಅವಳಿಗೆ ತನ್ನ ಹೆಸರು ಸರಿಯಾಗಿಯೇ ನೆನಪಿತ್ತು.

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸುವುದುಂಟು. ಬಹಳ ಜನಕ್ಕೆ ಅದು ಸಂಭ್ರಮ, ಅದರಿಂದ ಯಾರಿಗೂ ಹುಚ್ಚು ಹಿಡಿಯುವುದಿಲ್ಲ. ದೊಡ್ಡವ್ವನ ಕಾಯಿಲೆಗೆ ಹೆಸರೇ ಕಾರಣವೆಂದು ನಾನು ಹೇಳಲಾರೆ. ಅವಳ ಕಥೆಯನ್ನು ಅವಳಾಗಿ ಬರೆಯುವ ಶಕ್ತಿಯೂ ನನಗಿಲ್ಲ. ನಾನು ರೀಸಳಲ್ಲ, ಮತ್ತು ನಾನಿದ್ದದ್ದು ಚಿಲಕದ ಈಚೆ ಬದಿಗೆ. ಆದರೆ ಟಿಪ್ಪಣಿಯನ್ನು ತಿದ್ದಬಲ್ಲೆ. ಬರ್ಥಾ ಮೇಸನ್ ಎಂಬುದು ಗಂಡನ ಮನೆಯಲ್ಲಿ ಅವಳನ್ನು ಕರೆದ ಹೆಸರು. ಅವಳು ಜಮೈಕಾದ ಸ್ಪ್ಯಾನಿಶ್ ಟೌನ್‌ನಿಂದ ಬಂದವಳು, ಮೂವತ್ತು ಸಾವಿರ ಪೌಂಡ್ ತಂದವಳು. ಬೆಂಕಿ ಹಚ್ಚಿದಳು, ಕಚ್ಚಿದಳು. ಯಾಕೆ ಎಂದು ಆ ಮನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ.

ಅಂಕ ಎಷ್ಟಾದರೂ ಬರಲಿ. ಆ ಹಬ್ಬದ ಸಂಜೆ ಹಂಡೆಗೆ ನೀರು ತುಂಬಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕಂಠಕ್ಕೆ ಹಿಂಡಲಚ್ಚಿ ಬಳ್ಳಿ ಕಟ್ಟಿದೆ. ಹೆಸರಿನ ಮೇಲೆ ಮಾತ್ರ ಸುಣ್ಣ ಬಳಿಯಲಿಲ್ಲ.